“ನಾನಿಲ್ಲ ಅಂದ್ಕೋ”

ನಮ್ಮ ಯಜಮಾನರು ಆಸ್ಪತ್ರೆಯ ದಾಖಲೆಗಳನ್ನು ಕ್ಲೌಡಿನಲ್ಲಿ ಕಾಯುವ ಇಂಜಿನಿಯರು. ಬಾಯಲ್ಲಿ ಸದಾ ಒಂದೇ ಮಾತು: “ಇದು ಕೈಕೊಟ್ರೆ ಮುಂದೇನು?” ಮನೆಯ ಬೀಗಕ್ಕೆ ಮೂರು ಕೀಲಿ, ಆದರೆ ಖಾಲಿ ಕೋಣೆಯಲ್ಲಿ ದೀಪ ಉರಿದರೆ ರಂಪ. ತಿಂಗಳಿಗೊಮ್ಮೆ, ಚೆನ್ನಾಗಿ ನಡೆಯುತ್ತಿದ್ದ ಸರ್ವರ್ ಕಂಪ್ಯೂಟರನ್ನು ತಾವೇ ನಿಲ್ಲಿಸಿ, ಇನ್ನೊಂದು ಅದರ ಕೆಲಸ ಹೊರುತ್ತದೆಯೇ ಎಂದು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಅವರ ಹೃದಯ ಕೆಟ್ಟಿದೆ ಎಂದು ಡಾಕ್ಟರು ಹೇಳಿದ ಮೇಲೆ ಆ ಪರೀಕ್ಷೆ ಮನೆಗೂ ಬಂತು. ಕುರ್ಚಿಯಲ್ಲಿ ಕೂತು, “ನಾನಿಲ್ಲ ಅಂದ್ಕೋ. ಮನೆ ನಡೆಸು” ಅನ್ನುತ್ತಿದ್ದರು. “ಬಿಡ್ತು ಅನ್ನಿ!” ಎಂದು ಬೈಯುತ್ತಲೇ, ಒಂದೊಂದೇ ಅಕ್ಷರ ಹುಡುಕಿ ಪಾಸ್‌ವರ್ಡ್ ಒತ್ತುತ್ತಿದ್ದೆ, ಬ್ಯಾಂಕಿನ ಫಾರಂ ತುಂಬುತ್ತಿದ್ದೆ. “ತಪ್ಪು. ಮೊದಲಿಂದ ಮಾಡು.” ನಾನು ಮುಗಿಸುವ ತನಕ ಅವರು ಏಳುತ್ತಿರಲಿಲ್ಲ. ಅವರು ಹೋದ ದಿನ ಆಸ್ಪತ್ರೆಯ ಕೆಲಸ ಒಂದು ಕ್ಷಣವೂ ನಿಲ್ಲಲಿಲ್ಲ. ಮನೆಯೂ ನಿಂತಿಲ್ಲ. ಇವತ್ತು ಫಾರಂ ಒಂದೂ ತಪ್ಪಿಲ್ಲದೆ ತುಂಬಿ, ಆ ಕುರ್ಚಿಯ ಕಡೆ ತಿರುಗಿ, “ಮುಗೀತು ರೀ, ಏಳಿ” ಅಂದೆ.