ಮೈಲಿಗೆ ತಟ್ಟದ ಕಂಬಳಿ

ನಿನ್ನೆ ಮಧ್ಯಾಹ್ನ ಅಕಾಲದ ಮಳೆ. ಹಗ್ಗದ ಮೇಲಿದ್ದ ಕಂಬಳಿಯನ್ನು ಮೊಮ್ಮಗಳು ಒಳಗೆ ತರುವಷ್ಟರಲ್ಲಿ ಅದು ತೊಯ್ದು, ಮನೆಯೆಲ್ಲ ಕುರಿಯ ವಾಸನೆ. ಅವಳು ಮೂಗು ಮುಚ್ಚಿಕೊಂಡಳು. ನಾನು ಮಾತ್ರ ಹತ್ತಿರ ಹೋಗಿ ಮೂಸಿದೆ. ಈ ಮುಪ್ಪಿನಲ್ಲಿ ಮೂಗಾದರೂ ಉಳಿದಿದೆಯಲ್ಲ ಎಂದು ನೀವು ನಗಬಹುದು.

ಆ ವಾಸನೆ ನನಗೆ ಶಾಲೆಯದು. ನಮ್ಮೂರನ್ನು ಆಳುತ್ತಿದ್ದ ಜತ್ತದ ಸಂಸ್ಥಾನ ಅಳಿದು ಒಂದೆರಡು ವರ್ಷವಾಗಿದ್ದ ಕಾಲ. ಶಾಲೆಯೆಂದರೆ ಒಂದು ಮಣ್ಣಿನ ಕೋಣೆ. ಕೂರಲು ನಾವು ಮನೆಯಿಂದ ಗೋಣಿತಟ್ಟು ಒಯ್ಯುತ್ತಿದ್ದೆವು. ಊರಾಚೆಯ ಕೇರಿಯ ದುರಗವ್ವ ಒಬ್ಬಳೇ ಬಾಗಿಲ ಹೊರಗಿನ ಕಟ್ಟೆಯ ಮೇಲೆ ಕೂರುತ್ತಿದ್ದಳು. ಅಲ್ಲಿಂದ ಹಲಗೆ ಕಾಣುತ್ತಿರಲಿಲ್ಲ; ಕಿವಿಗೆ ಬಿದ್ದಷ್ಟೇ ಅವಳ ವಿದ್ಯೆ.

ವಿಜಾಪುರದ ಕಡೆಯಿಂದ ಹೊಸ ಮಾಸ್ತರರು ಬಂದರು. ಮಾಡಗ್ಯಾಳದ ಕುರುಬರಿಂದ ಕಂಬಳಿಗಳನ್ನು ತರಿಸಿ, ಒಂದಕ್ಕೊಂದು ಹೊಲಿಸಿ, ಕೋಣೆಯಗಲ ಹಾಸಿದರು. ದುರಗವ್ವನನ್ನು ಒಳಗೆ ಕರೆದು ನನ್ನ ಪಕ್ಕದಲ್ಲಿ ಕೂರಿಸಿದರು. ಸಂಜೆಯೊಳಗೆ ಊರ ಹಿರಿಯ ಪಾಟೀಲಜ್ಜ ಬಂದ.

“ಏನ್ರಿ ಮಾಸ್ತರ, ಎಲ್ಲಾರ್ನೂ ಒಂದಽ ಮಾಡೀರಂತಲ್ಲ?”

“ಕಂಬಳಿ ಮ್ಯಾಲ ಕುಂತಾಳ್ರಿ ಅಜ್ಜಾರ. ಉಣ್ಣಿಗೆ ಎಲ್ಲಿ ಮೈಲಿಗ್ರಿ? ನೀವೂ ಪೂಜಿಗೆ ಕಂಬಳಿ ಹಾಸ್ಕೊಂಡಽ ಕುಂದ್ರತೀರಲ್ಲ?”

ಅಜ್ಜ ಗಡ್ಡ ಕೆರೆದುಕೊಂಡು ನಕ್ಕ. “ಭಾಳ ಶಾಣ್ಯಾ ಅದೀರಿ, ಬಿಡ್ರಿ!”

ಉಣ್ಣೆಗೆ ಮೈಲಿಗೆ ತಟ್ಟದೆಂಬುದು ನಮ್ಮ ಕಡೆಯವರ ನಂಬಿಕೆ. ಅದೇ ನಂಬಿಕೆಯ ಮೇಲೆ ಆ ವರ್ಷ ದುರಗವ್ವ ಓದಲು ಕಲಿತಳು. ಓದುವಾಗ ಅವಳ ಮೊಣಕಾಲು ನನಗೆ ತಾಗುತ್ತಿತ್ತು. ಸರಿದು ಕೂರಬೇಕೆಂದು ನಮಗಿಬ್ಬರಿಗೂ ಅನಿಸಲಿಲ್ಲ.

ಮಳೆಗಾಲದಲ್ಲಿ ಮಾಳಿಗೆ ಸೋರಿ ಕಂಬಳಿ ನೆನೆಯಿತು. ಮಾಸ್ತರರು ಅದನ್ನು ಗೋಡೆಯ ಮೇಲೆ ಹರವಿ ಒಳಗೆ ಬಂದರು. ನಾವು ಬರಿನೆಲದ ಮೇಲಿದ್ದೆವು. ದುರಗವ್ವ ಹೊರಗಿನ ಕಟ್ಟೆಯ ಮೇಲಿದ್ದಳು. ಯಾರೂ ಅವಳಿಗೆ ಹೋಗು ಎಂದಿರಲಿಲ್ಲ.

“ಒಳಗ ಬಾ ಯವ್ವಾ,” ಎಂದರು ಮಾಸ್ತರರು.

“ಇರ್ಲಿರಿ ಮಾಸ್ತರ. ಕಂಬಳಿ ಒಣಗಿದ ಮ್ಯಾಲ ಬರ್ತೀನ್ರಿ.”

ಮಾಸ್ತರರು ಬಾಗಿಲಲ್ಲೇ ಕೂತರು. “ಕಂಬಳಿಗೆ ಮೈಲಿಗಿಲ್ಲಂತ ಹೇಳಿದ್ನಿ. ಈ ಕೂಸಿಗೆ ಮೈಲಿಗಿಲ್ಲಂತ ಹೇಳಲಿಲ್ಲ,” ಎಂದದ್ದು ಮುಂದೆ ಕೂತಿದ್ದ ನನಗೆ ಕೇಳಿಸಿತು.

ಕಂಬಳಿ ಒಣಗಿದರೂ ಅವರು ಹಾಸಲಿಲ್ಲ. “ಇನ್ಮುಂದ ಎಲ್ಲಾರೂ ನೆಲದ ಮ್ಯಾಲ, ಕೂಡಿ,” ಎಂದು ದುರಗವ್ವನ ಕೈಹಿಡಿದು ಒಳಗೆ ತಂದರು. ಮೊದಲು ಪಾಟೀಲಜ್ಜನ ಮೊಮ್ಮಕ್ಕಳು ಶಾಲೆ ಬಿಟ್ಟರು. ಆಮೇಲೆ ಅರ್ಧ ಕೋಣೆ ಖಾಲಿ. ಕೊನೆಗೆ ಒಂದು ಬೆಳಿಗ್ಗೆ ದುರಗವ್ವನ ಅಪ್ಪ ಬಂದು ಅಂಗಳದಲ್ಲೇ ನಿಂತ.

“ಮಾಸ್ತರ, ನಿಮ್ಮ ಉಪಕಾರ ಭಾಳ ಆತ್ರಿ. ನಾವು ಇದಽ ಊರಾಗ ಬಾಳೇವು ಮಾಡ್ಬೇಕ್ರಿ.”

ಅವಳು ಎದ್ದು ಹೋದಳು. ಶಾಲೆ ಬಿಟ್ಟಿದ್ದವರು ಗೋಣಿತಟ್ಟು ಹಿಡಿದುಕೊಂಡು ಮರಳಿ ಬಂದರು. ದೀಪಾವಳಿಗೆ ಮುಂಚೆಯೇ ಮಾಸ್ತರರಿಗೆ ಬದಲಿಯಾಯಿತು.

ಈ ಕತೆಯನ್ನು ನಾನು ಹಲವರಿಗೆ ಹೇಳಿದ್ದೇನೆ. ಪಾಟೀಲಜ್ಜ ನಕ್ಕಲ್ಲಿಗೆ ಕೆಲವರು ಚಪ್ಪಾಳೆ ತಟ್ಟುತ್ತಾರೆ. ಕೊನೆಯವರೆಗೆ ಕೇಳಿದವರು, ಮಾಸ್ತರರು ಕಂಬಳಿ ಹಾಸಿದ್ದು ಸರಿಯೋ ತೆಗೆದದ್ದು ಸರಿಯೋ ಎಂದು ವಾದಿಸುತ್ತಾರೆ. ನಾನೂ ವಾದಿಸಿದವನೇ. ನಿನ್ನೆ ಮೊಮ್ಮಗಳಿಗೆ ಹೇಳಿದೆ. ಅವಳು ಈಗಷ್ಟೇ ಶಾಲೆಯೊಂದರಲ್ಲಿ ಶಿಕ್ಷಕಿಯಾಗಿದ್ದಾಳೆ. ಪೂರ್ತಿ ಕೇಳಿ ಅಂದಳು:

“ಅಜ್ಜಾ, ದುರಗವ್ವನ್ನ ಯಾರರ ಕೇಳಿದ್ರೇನು, ನಿಂಗ ಏನ್ ಬೇಕವ್ವಾ ಅಂತ?”

ಮಳೆ ನಿಂತಿತ್ತು.

“ಇಲ್ಲವ್ವಾ,” ಎಂದೆ. “ಕಂಬಳಿ ಹಾಸುವಾಗ್ಲೂ ಕೇಳ್ಲಿಲ್ಲ, ತೆಗಿಯುವಾಗ್ಲೂ ಕೇಳ್ಲಿಲ್ಲ.”