ಅವಸರದ ಕೈ

ಎರಡು ಎಂಜಿನ್ ಇದ್ದರೆ ವಿಮಾನ ಹೆಚ್ಚು ಭದ್ರ ಎಂದು ನಂಬಿದವರನ್ನು ಕಂಡರೆ ನನಗೆ ನಗು ಬರುತ್ತದೆ. ಒಂದು ಕೆಟ್ಟಾಗ ಗಾಬರಿಯಲ್ಲಿ ಇನ್ನೊಂದನ್ನು ನಾವೇ ಬಂದ್ ಮಾಡಬಲ್ಲೆವು. ನಾನು ಮಾಡಿದ್ದೇನೆ.

ಪೈಲಟ್ ತರಬೇತಿಯಲ್ಲಿ ಇದಕ್ಕೆ ಕಲಿಸುವ ಪಾಠ ಸುಲಭದ್ದು. ನೆಲ ಬಿಟ್ಟ ಕೂಡಲೇ ಎಡದ ಎಂಜಿನ್ ಸತ್ತರೆ ವಿಮಾನದ ಮೂತಿ ಎಡಕ್ಕೆ ತಿರುಗುತ್ತದೆ. ಬಲಗಾಲಿನಿಂದ ಪೆಡಲ್ ಒತ್ತಿ ನೇರ ಮಾಡಬೇಕು, ವೇಗ ಕಾಯ್ದುಕೊಳ್ಳಬೇಕು. ಆಗ ಯಾವ ಕಾಲಿಗೆ ಕೆಲಸವಿಲ್ಲವೋ ಆ ಕಡೆಯ ಎಂಜಿನ್ ಸತ್ತಿದೆ ಎಂದರ್ಥ. ಅದರ ಲಿವರನ್ನು ಮೆಲ್ಲಗೆ ಹಿಂದೆಳೆದು ನೋಡಿ, ಏನೂ ಬದಲಾಗದಿದ್ದರೆ ಮಾತ್ರ ಬಂದ್ ಮಾಡಬೇಕು. ಬಾಯಿಪಾಠದಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ.

ಆದರೆ ನಾನು ಬೆಳೆದದ್ದು ಇಚಲಕರಂಜಿಯ ಶಹಾಪುರದಲ್ಲಿ, ಅಪ್ಪನ ವಿದ್ಯುತ್ ಮಗ್ಗಗಳ ನಡುವೆ. ಎಳೆ ಹರಿದರೆ ಮಗ್ಗದ ಸದ್ದು ಬದಲಾಗುತ್ತದೆ. ತಕ್ಷಣ ಹ್ಯಾಂಡಲ್ ಎಳೆದು ನಿಲ್ಲಿಸದಿದ್ದರೆ ಬಟ್ಟೆ ಹಾಳು.

"ಸಪ್ಪಳ ಬದ್ಲಾತಂದ್ರ ಮೊದ್ಲ ಕೈ, ಆಮ್ಯಾಲ ಕಣ್ಣು," ಎನ್ನುತ್ತಿದ್ದ ಅಪ್ಪ. ನೋಡುತ್ತ ನಿಂತರೆ ಬೆನ್ನಿಗೊಂದು ಗುದ್ದು. ಶಾಲೆ ಮುಗಿಯುವಷ್ಟರಲ್ಲಿ ನನ್ನ ಕೈ ಕಣ್ಣನ್ನು ಕೇಳುವುದನ್ನೇ ಬಿಟ್ಟಿತ್ತು.

ಪರೀಕ್ಷೆ ಕೊಲ್ಹಾಪುರದಲ್ಲಿ. ಕೆಲಸವೊಂದು ಸಿದ್ಧವಿತ್ತು, ಪಾಸಾಗುವುದೊಂದೇ ಬಾಕಿ. ಕಬ್ಬಿನ ಹೊಲಗಳ ಮೇಲೆ ಏರುತ್ತಿದ್ದಾಗ ಪರೀಕ್ಷಕರು ಹೇಳದೆ ಕೇಳದೆ, ಎಡದ ಎಂಜಿನ್ ಸತ್ತಂತೆ ಮಾಡಲು ಅದರ ಲಿವರ್ ಹಿಂದೆಳೆದರು. ಸದ್ದು ಬದಲಾಯಿತು. ಬಲಗಾಲು ಸರಿಯಾಗಿಯೇ ಒತ್ತಿತು. ಆದರೆ ಕೈ, ಅಪ್ಪ ಪಳಗಿಸಿದ ಆ ದರಿದ್ರ ಕೈ, ಒದ್ದಾಡುತ್ತಿದ್ದ ಕಾಲಿನ ಕಡೆಗೇ ಹೋಗಿ ಚೆನ್ನಾಗಿದ್ದ ಬಲದ ಎಂಜಿನ್ನಿನ ಲಿವರನ್ನೂ ಎಳೆದುಬಿಟ್ಟಿತು. ಮೂತಿ ಕುಸಿಯಿತು. ಪರೀಕ್ಷಕರು ಎರಡನ್ನೂ ಮುಂದಕ್ಕೆ ತಳ್ಳಿ, ತಾವೇ ವಿಮಾನ ಇಳಿಸಿದರು. ಬೈಯಲಿಲ್ಲ. ನಿಮ್ಮ ಕೈಗೆ ಬಹಳ ಅವಸರ ಎಂದಷ್ಟೇ ಮರಾಠಿಯಲ್ಲಿ ಹೇಳಿ, ನಾಪಾಸೆಂದು ಬರೆದು ಸಹಿ ಹಾಕಿದರು. ಆ ಕೆಲಸ ಬೇರೆಯವರ ಪಾಲಾಯಿತು.

ಮನೆಯಲ್ಲಿ ಗಡಹಿಂಗ್ಲಜದ ಸೋದರತ್ತೆ ಪೇಢೆ ತಂದು ಕೂತಿದ್ದಳು. ನನ್ನ ಮುಖ ನೋಡಿ ಡಬ್ಬಿಯನ್ನು ಸೆರಗಿನಡಿ ಸರಿಸಿದಳು. ಅಪ್ಪ ಕೈ ಒರೆಸಿಕೊಳ್ಳುತ್ತ ಹೊರಬಂದ.

"ಕೈ ತಡಾ ಆತೇನ್ ಯವ್ವಾ?"

ನೀನು ಕಲಿಸಿದ ಹಾಗೆಯೇ ಹೋಯಿತು, ಅದಕ್ಕೇ ಕೆಟ್ಟೆ ಎನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. ಆದರೆ ಅವನ ದನಿ ಅಷ್ಟು ಮೆತ್ತಗಿತ್ತು.

"ಹೌದಪಾ, ತಡಾ ಆತು," ಎಂದೆ.

ಅಂದಿನಿಂದ ಅಪ್ಪ ಮಗ್ಗ ಕಲಿಯಲು ಬಂದವರಿಗೆಲ್ಲ ನನ್ನನ್ನೇ ತೋರಿಸುತ್ತಾನೆ, ಕೈ ತಡವಾದರೆ ಏನಾಗುತ್ತದೆ ನೋಡಿ ಎಂದು.