ಪಕ್ಕದ ಬೆಡ್ಡಿನ ತಲೆನೋವು

ಎಂಟನೇ ತಿಂಗಳಲ್ಲಿ ನನ್ನ ಬಳೆಗಳು ಕೈಯಲ್ಲೇ ಕಚ್ಚಿಕೊಂಡವು. ಸೋಪು ಹಚ್ಚಿದರೂ ಜಾರಲಿಲ್ಲ. ದೋಸೆ ಹೊಯ್ಯುವಾಗ ಕಣ್ಣಮುಂದೆ ಮಿಂಚುಹುಳ ಕುಣಿದಂತಾಗಿ ತಲೆ ಸಿಡಿಯತೊಡಗಿತು. ನಲವತ್ತೆರಡಕ್ಕೆ ಬಸುರಾದವಳು, ವಯಸ್ಸಿನ ಆಟ ಎಂದುಕೊಂಡೆ. ಇವರು ಕೇಳಲಿಲ್ಲ. ಲ್ಯಾವಿಂಗ್ಟನ್ ಬಡಾವಣೆಯ ನಮ್ಮ ಮನೆಯಿಂದ ನೇರ ಆಸ್ಪತ್ರೆಗೆ ಕರೆತಂದರು.

ಬಿಪಿ ವಿಪರೀತ ಏರಿತ್ತು. ಪ್ರೀಎಕ್ಲಾಂಪ್ಸಿಯಾ ಎಂದರು ಡಾಕ್ಟರು. ಮೈಸೂರು ಕಡೆಯವರು, ನಮ್ಮ ಮನೆಯ ಯುಗಾದಿ ಊಟಕ್ಕೆ ಬರುವವರು. ಕನ್ನಡದಲ್ಲೇ ಸಮಾಧಾನ ಹೇಳಿ, ಫಿಟ್ಸ್ ಬಾರದಂತೆ ತಕ್ಷಣ ಮ್ಯಾಗ್ನೀಸಿಯಂ ಡ್ರಿಪ್ ಹಾಕಿಸಿದರು. ಜೀವಕ್ಕೆ ಹಾಯೆನಿಸಿತು.

ಪಕ್ಕದ ಬೆಡ್ಡಿನಲ್ಲಿ ವಂಜಿರು. ಇದೇ ದೇಶದ ಹೆಣ್ಣು, ಸ್ಕೂಲ್ ಟೀಚರ್, ತುಂಬು ಬಸುರಿ, ನನಗಿಂತ ಮೊದಲೇ ಬಂದವಳು. ಅವಳಿಗೂ ತಲೆನೋವು, ಕಣ್ಣು ಮಂಜು. ಊದಿದ ಪಾದದಲ್ಲಿ ಚಪ್ಪಲಿಯ ಪಟ್ಟಿ ಅಚ್ಚೊತ್ತಿತ್ತು. ಬೆಳಿಗ್ಗೆ ಒಮ್ಮೆ ಬಿಪಿ ನೋಡಿ, ಪ್ಯಾರಾಸಿಟಮಾಲ್ ಕೊಟ್ಟು, ಕಾಯಿರಿ ಎಂದಿದ್ದರಂತೆ. ಆಮೇಲೆ ಯಾರೂ ಇಲ್ಲ.

"ಡಾಕ್ಟ್ರೇ, ಅವ್ರಿಗೂ ನನ್ ಥರಾನೇ ಆಗ್ತಿದೆ. ಸ್ವಲ್ಪ ನೋಡಿ," ಎಂದೆ.

ಅವರು ನಕ್ಕರು. "ಈ ಜನ ಗಟ್ಟಿ ಮೇಡಂ, ತಡ್ಕೋತಾರೆ. ನೀವು ನಮ್ಮೋರು, ಆರಾಮಾಗಿ ಮಲ್ಕೊಳ್ಳಿ."

ಏನಂದರು ಎಂದು ವಂಜಿರು ನನ್ನನ್ನು ಕೇಳಿದಳು.

ಮೈಯೆಲ್ಲ ಉರಿಯಿತು. ಡ್ರಿಪ್ಪಿನ ಉರಿಯೂ ಇದ್ದೀತು. ಕನ್ನಡವನ್ನು ಬಾಗಿಲ ಚಿಲಕದ ಹಾಗೆ ಹಾಕಿಕೊಂಡು, ಆತ ಒಳಗೆ ನನ್ನನ್ನೂ ಸೇರಿಸಿಕೊಂಡಿದ್ದ. ಅವನ ಮಾತನ್ನು ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ, ವಾರ್ಡಿಗೆಲ್ಲ ಕೇಳುವ ಹಾಗೆ.

ನರ್ಸ್ ಓಡಿ ಬಂದಳು. ಬಿಪಿ ಪಟ್ಟಿ ಸುತ್ತುವಷ್ಟರಲ್ಲಿ ವಂಜಿರುಗೆ ಫಿಟ್ಸ್ ಬಂತು.

ಇಬ್ಬರಿಗೂ ಸಿಸೇರಿಯನ್ ಆಯಿತು. ನನ್ನ ಮಗಳು ಮಡಿಲಲ್ಲಿದ್ದಾಳೆ. ವಂಜಿರು ಉಳಿದಳು. ಅವಳ ಮಗ ಇನ್ನೂ ಎಳೆಗೂಸುಗಳ ಎನ್‌ಐಸಿಯುನಲ್ಲಿ.

ಡಾಕ್ಟರು ಇವರ ಹತ್ತಿರ, ತಮಾಷೆಗೆ ಅಂದದ್ದನ್ನು ನಿಮ್ಮ ಮನೆಯವರು ದೊಡ್ಡದು ಮಾಡಿದರು ಎಂದರಂತೆ. ನಮ್ಮ ಕನ್ನಡದ ಹೆಂಗಸರೂ ಫೋನ್ ಮಾಡಿ, ಪರದೇಶದಲ್ಲಿ ಇಂಥ ರಾದ್ಧಾಂತ ಬೇಕಿತ್ತಾ ಎಂದರು. ಪರದೇಶವಂತೆ. ಅವಳದೇ ಊರಿನಲ್ಲಿ ಅವಳನ್ನು ಕಾಯಲು ಬಿಟ್ಟವರಿಗೆ ಈಗ ಅದು ನೆನಪಾಯಿತು.

ನೋಡಲು ಬಂದವರೆಲ್ಲ ದೇವರು ದೊಡ್ಡವನು ಎನ್ನುತ್ತಾರೆ. ಇರಬಹುದು. ಆದರೆ ನನ್ನನ್ನು ಕಾದದ್ದು ಸಮಯಕ್ಕೆ ಸಿಕ್ಕ ಔಷಧಿ. ಅದು ಅದೇ ಕೋಣೆಯಲ್ಲಿ ಅವಳಿಗೂ ಇತ್ತು.

ವಂಜಿರು ದೂರು ಕೊಟ್ಟಿದ್ದಾಳೆ. ಕನ್ನಡದ ಆ ಮಾತಿಗೆ ನಾನೊಬ್ಬಳೇ ಸಾಕ್ಷಿ.

"ಯೋಚ್ನೆ ಮಾಡು ಕಣೇ, ನಾಳೆ ಮಗೂಗೆ ಜ್ವರ ಬಂದ್ರೂ ಅವರೇ ಬೇಕು," ಎಂದರು ಇವರು.

ಬೇರೆ ಡಾಕ್ಟರನ್ನು ಹುಡುಕಿ ಎಂದೆ.

ಇವತ್ತು ವಂಜಿರುವಿನ ಮಗ ಟ್ಯೂಬಿನಲ್ಲಿ ಕೊಟ್ಟ ಹಾಲನ್ನು ಮೊದಲ ಸಲ ದಕ್ಕಿಸಿಕೊಂಡಿದ್ದಾನೆ. ಸೋಮವಾರ ವಿಚಾರಣೆ. ಹೊಲಿಗೆ ಇನ್ನೂ ಎಳೆಯುತ್ತದೆ. ಹೋಗುತ್ತೇನೆ.